ಮನಿಲಾದ ನೀರು ಸರಬರಾಜಿನ ಖಾಸಗೀಕರಣ

ಮನಿಲಾದ ನೀರು ಸರಬರಾಜಿನ ಖಾಸಗೀಕರಣವು ಫಿಲಿಪೀನ್ಸ್ ದೇಶದ ರಾಜಧಾನಿ ಪ್ರದೇಶವಾದ ಮೆಟ್ರೊ ಮನಿಲಾ ಹಾಗೂ ಅದಕ್ಕೆ ಹೊಂದಿಕೊಂಡ ಕೆಲವು ಪಟ್ಟಣಗಳ ಕುಡಿಯುವ ನೀರು ಮತ್ತು ಒಳಚರಂಡಿ ಸೇವೆಗಳನ್ನು ೧೯೯೭ರ ಆಗಸ್ಟ್ ೧ರಂದು ಸರ್ಕಾರಿ ಸಂಸ್ಥೆಯಿಂದ ಎರಡು ಖಾಸಗಿ ಕಂಪನಿಗಳ ನಿರ್ವಹಣೆಗೆ ಒಪ್ಪಿಸಿದ ಕ್ರಮವಾಗಿದೆ. ಸುಮಾರು ೧.೧ ಕೋಟಿ ಜನರಿಗೆ ಸಂಬಂಧಿಸಿದ ಈ ಕ್ರಮವು ಆ ಕಾಲದ ಜಗತ್ತಿನ ಅತಿ ದೊಡ್ಡ ನೀರು ಖಾಸಗೀಕರಣಗಳಲ್ಲಿ ಒಂದಾಗಿತ್ತು. ನಗರವನ್ನು ಪೂರ್ವ ಮತ್ತು ಪಶ್ಚಿಮ ಎಂದು ಎರಡು ವಲಯಗಳಾಗಿ ವಿಂಗಡಿಸಿ, ಪೂರ್ವ ವಲಯವನ್ನು ಮನಿಲಾ ವಾಟರ್ ಕಂಪನಿಗೂ ಪಶ್ಚಿಮ ವಲಯವನ್ನು ಮೈನಿಲಾಡ್ ವಾಟರ್ ಸರ್ವಿಸಸ್ ಕಂಪನಿಗೂ ೨೫ ವರ್ಷಗಳ ಅವಧಿಗೆ ವಹಿಸಲಾಯಿತು. ಒಂದೇ ನಗರದಲ್ಲಿ, ಒಂದೇ ದಿನ, ಒಂದೇ ಬಗೆಯ ಒಪ್ಪಂದದಡಿ ಆರಂಭವಾದ ಈ ಎರಡು ಕಂಪನಿಗಳಲ್ಲಿ ಒಂದು ಲಾಭದ ಹಾದಿ ಹಿಡಿದು ಇನ್ನೊಂದು ಕೆಲವೇ ವರ್ಷಗಳಲ್ಲಿ ದಿವಾಳಿಯ ಅಂಚಿಗೆ ಬಂದಿತು. ಈ ಕಾರಣದಿಂದ ಸಾರ್ವಜನಿಕ ಸೇವೆಗಳ ಖಾಸಗೀಕರಣವನ್ನು ಕುರಿತ ಅಧ್ಯಯನಗಳಲ್ಲಿ ಮನಿಲಾದ ಉದಾಹರಣೆಗೆ ವಿಶೇಷ ಸ್ಥಾನವಿದೆ.

ಹಿನ್ನೆಲೆ

ಮನಿಲಾದ ಕೊಳವೆ ನೀರಿನ ವ್ಯವಸ್ಥೆಯು ಸ್ಪೇನ್ ಆಳ್ವಿಕೆಯ ಕಾಲದ್ದು. ೧೭೪೩ರಲ್ಲಿ ನಿಧನರಾದ ಫ್ರಾನ್ಸಿಸ್ಕೊ ಕ್ಯಾರಿಯೆಡೊ ಎಂಬ ಸ್ಪೇನ್ ಮೂಲದ ಶ್ರೀಮಂತರು ನಗರದ ನೀರಿನ ವ್ಯವಸ್ಥೆಗಾಗಿ ೧೦,೦೦೦ ಪೆಸೊಗಳ ದತ್ತಿಯನ್ನು ಬಿಟ್ಟಿದ್ದರು. ಆ ಹಣ ಬೆಳೆದು, ಯೋಜನೆ ಕಾರ್ಯಗತವಾಗಿ, ಕ್ಯಾರಿಯೆಡೊ ಹೆಸರಿನ ಜಲಕಾರ್ಯವು ಉದ್ಘಾಟನೆಗೊಂಡದ್ದು ೧೮೮೨ರಲ್ಲಿ. ಅಮೆರಿಕದ ಆಳ್ವಿಕೆಯ ಕಾಲದಲ್ಲಿ, ೧೯೨೯ರಲ್ಲಿ, ಲಾ ಮೆಸಾ ಜಲಾಶಯವು ನಿರ್ಮಾಣವಾಯಿತು. ಬುಲಾಕಾನ್ ಪ್ರಾಂತದಲ್ಲಿರುವ ಅಂಗಟ್ ಅಣೆಕಟ್ಟು ೧೯೬೭ರಲ್ಲಿ ಪೂರ್ಣಗೊಂಡಿತು. ಇಂದಿಗೂ ರಾಜಧಾನಿ ಪ್ರದೇಶಕ್ಕೆ ಬರುವ ನೀರಿನ ಬಹುಭಾಗವು ಈ ಒಂದೇ ಅಣೆಕಟ್ಟಿನಿಂದ ಬರುತ್ತದೆ. ಅಲ್ಲಿಂದ ಹೊರಟ ನೀರು ಇಪೊ ಅಣೆಕಟ್ಟಿನ ಮೂಲಕ ಸುರಂಗ ಮತ್ತು ಕಾಲುವೆಗಳಲ್ಲಿ ಹರಿದು ಬಲಾರಾ ಹಾಗೂ ಲಾ ಮೆಸಾದ ಶುದ್ಧೀಕರಣ ಘಟಕಗಳನ್ನು ತಲುಪುತ್ತದೆ.

೧೯೭೧ರಲ್ಲಿ ಕಾನೂನಿನ ಮೂಲಕ ಮೆಟ್ರೊಪಾಲಿಟನ್ ವಾಟರ್‌ವರ್ಕ್ಸ್ ಅಂಡ್ ಸೀವರೇಜ್ ಸಿಸ್ಟಮ್ ಎಂಬ ಸರ್ಕಾರಿ ಸಂಸ್ಥೆಯನ್ನು ಸ್ಥಾಪಿಸಲಾಯಿತು. ಸಂಕ್ಷೇಪವಾಗಿ ಇದನ್ನು ಎಂ.ಡಬ್ಲ್ಯು.ಎಸ್.ಎಸ್. ಎಂದು ಕರೆಯುತ್ತಾರೆ. ೧೯೯೦ರ ದಶಕದ ಮಧ್ಯಭಾಗದ ವೇಳೆಗೆ ಈ ಸಂಸ್ಥೆಯ ಸ್ಥಿತಿ ಶೋಚನೀಯವಾಗಿತ್ತು. ಸೇವಾ ಪ್ರದೇಶದ ಜನರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿಗೆ ಮಾತ್ರ ನಲ್ಲಿ ಸಂಪರ್ಕವಿತ್ತು. ಸಂಪರ್ಕವಿದ್ದವರಿಗೂ ದಿನಕ್ಕೆ ಸರಾಸರಿ ೧೬ ಗಂಟೆಗಳಷ್ಟು ಕಾಲ ಮಾತ್ರ ನೀರು ಬರುತ್ತಿತ್ತು. ಒಳಚರಂಡಿ ಸಂಪರ್ಕ ಹೊಂದಿದ್ದವರ ಪ್ರಮಾಣ ಶೇಕಡಾ ೧೦ಕ್ಕಿಂತ ಕಡಿಮೆಯಿತ್ತು. ಶುದ್ಧೀಕರಿಸಿ ಹೊರಬಿಟ್ಟ ಪ್ರತಿ ೧೦೦ ಕೊಡ ನೀರಿನಲ್ಲಿ ಸುಮಾರು ೬೦ ಕೊಡಗಳಿಗೆ ಯಾವ ಹಣವೂ ಬರುತ್ತಿರಲಿಲ್ಲ. ಹಳೆಯ ಕೊಳವೆಗಳ ಸೋರಿಕೆ, ಕಳ್ಳ ಸಂಪರ್ಕ, ಕೆಟ್ಟ ಮಾಪಕಗಳು ಇದಕ್ಕೆ ಕಾರಣಗಳಾಗಿದ್ದವು. ಹೀಗೆ ಲೆಕ್ಕಕ್ಕೆ ಸಿಗದೆ ಹೋಗುವ ನೀರನ್ನು ಈ ಕ್ಷೇತ್ರದ ಪರಿಭಾಷೆಯಲ್ಲಿ 'ಆದಾಯರಹಿತ ನೀರು' ಎನ್ನಲಾಗುತ್ತದೆ. ನಲ್ಲಿಯಿಲ್ಲದ ಬಡ ಬಡಾವಣೆಗಳ ಜನರು ಗಾಡಿ ಮತ್ತು ಡಬ್ಬಗಳಲ್ಲಿ ನೀರು ಮಾರುವವರಿಂದ ಅಧಿಕೃತ ದರದ ಹಲವು ಪಟ್ಟು ಬೆಲೆ ತೆತ್ತು ನೀರು ಕೊಳ್ಳುತ್ತಿದ್ದರು.

೧೯೯೨ರಲ್ಲಿ ಅಧ್ಯಕ್ಷರಾದ ಫಿಡೆಲ್ ರಾಮೋಸ್ ಅವರು ಮೊದಲು ವಿದ್ಯುತ್ ಕೊರತೆಯನ್ನು ಖಾಸಗಿ ಉತ್ಪಾದಕರ ಮೂಲಕ ನೀಗಿಸಲು ಮುಂದಾದರು. ಅದೇ ಮಾರ್ಗವನ್ನು ನೀರಿನ ವಿಷಯದಲ್ಲಿಯೂ ಅನುಸರಿಸಲು ೧೯೯೫ರಲ್ಲಿ ರಾಷ್ಟ್ರೀಯ ನೀರಿನ ಬಿಕ್ಕಟ್ಟು ಕಾಯಿದೆಯನ್ನು ಜಾರಿಗೆ ತರಲಾಯಿತು. ಎಂ.ಡಬ್ಲ್ಯು.ಎಸ್.ಎಸ್. ಅನ್ನು ಪುನರ್ರಚಿಸುವ ಅಧಿಕಾರವನ್ನು ಈ ಕಾಯಿದೆಯು ಅಧ್ಯಕ್ಷರಿಗೆ ನೀಡಿತು ಮತ್ತು ನೀರಿನ ಕಳ್ಳತನವನ್ನು ಶಿಕ್ಷಾರ್ಹ ಅಪರಾಧವನ್ನಾಗಿಸಿತು. ವಿಶ್ವಬ್ಯಾಂಕ್ ಸಮೂಹದ ಅಂತರರಾಷ್ಟ್ರೀಯ ಹಣಕಾಸು ನಿಗಮವು ಹರಾಜು ಪ್ರಕ್ರಿಯೆಯ ಸಲಹೆಗಾರನಾಗಿ ಕಾರ್ಯನಿರ್ವಹಿಸಿತು.

ಒಪ್ಪಂದದ ಸ್ವರೂಪ

ಮನಿಲಾದಲ್ಲಿ ನೀರಿನ ಆಸ್ತಿಗಳನ್ನು ಮಾರಾಟ ಮಾಡಲಿಲ್ಲ. ಇಲ್ಲಿ ಅನುಸರಿಸಿದ್ದು 'ಕನ್ಸೆಷನ್' ಎಂಬ ಪದ್ಧತಿಯನ್ನು. ಈ ಪದಕ್ಕೆ ಇಲ್ಲಿ ದರದ ರಿಯಾಯಿತಿ ಎಂಬ ಅರ್ಥವಿಲ್ಲ, ದೀರ್ಘಾವಧಿಯ ನಿರ್ವಹಣಾ ಹಕ್ಕು ಎಂದರ್ಥ. ಅಣೆಕಟ್ಟು, ಕೊಳವೆ, ಘಟಕಗಳ ಒಡೆತನವು ಸರ್ಕಾರಿ ಸಂಸ್ಥೆಯಲ್ಲಿಯೇ ಉಳಿಯುತ್ತದೆ. ಕಂಪನಿಯು ಅವುಗಳನ್ನು ನಡೆಸಿ, ಸ್ವಂತ ಬಂಡವಾಳ ಹೂಡಿ ವಿಸ್ತರಿಸಿ, ಗ್ರಾಹಕರಿಂದ ಶುಲ್ಕ ವಸೂಲು ಮಾಡುತ್ತದೆ. ಅವಧಿ ಮುಗಿದ ಮೇಲೆ ಎಲ್ಲವನ್ನೂ ಸರ್ಕಾರಕ್ಕೆ ಮರಳಿಸಬೇಕು. ಹತ್ತು ವರ್ಷಗಳೊಳಗೆ ಬಹುತೇಕ ಎಲ್ಲ ನಿವಾಸಿಗಳಿಗೆ ನೀರು ತಲುಪಿಸುವುದು, ಸೋರಿಕೆಯನ್ನು ತಗ್ಗಿಸುವುದು ಹಾಗೂ ಒಳಚರಂಡಿ ಜಾಲವನ್ನು ಹಂತಹಂತವಾಗಿ ವಿಸ್ತರಿಸುವುದು ಒಪ್ಪಂದದ ಮುಖ್ಯ ಗುರಿಗಳಾಗಿದ್ದವು.

ಇದರ ಜೊತೆಗೆ ಎಂ.ಡಬ್ಲ್ಯು.ಎಸ್.ಎಸ್. ಮಾಡಿದ್ದ ಹಳೆಯ ಸಾಲಗಳ ಕಂತನ್ನು 'ಕನ್ಸೆಷನ್ ಶುಲ್ಕ'ದ ರೂಪದಲ್ಲಿ ಕಂಪನಿಗಳೇ ಭರಿಸಬೇಕಾಗಿತ್ತು. ಈ ಸಾಲಗಳ ಬಹುಪಾಲು ಡಾಲರ್ ಮುಂತಾದ ವಿದೇಶಿ ಕರೆನ್ಸಿಗಳಲ್ಲಿತ್ತು. ಹಳೆಯ ನಗರ ಮತ್ತು ಹಳೆಯ ಕೊಳವೆ ಜಾಲದ ಹೆಚ್ಚಿನ ಭಾಗ ಪಶ್ಚಿಮದಲ್ಲಿದ್ದುದರಿಂದ ಸಾಲದ ಹೊರೆಯ ಸುಮಾರು ಶೇಕಡಾ ೯೦ರಷ್ಟನ್ನು ಪಶ್ಚಿಮ ವಲಯಕ್ಕೂ ಶೇಕಡಾ ೧೦ರಷ್ಟನ್ನು ಪೂರ್ವ ವಲಯಕ್ಕೂ ಹಂಚಲಾಯಿತು. ಮುಂದಿನ ಬೆಳವಣಿಗೆಗಳಲ್ಲಿ ಈ ಹಂಚಿಕೆಯು ನಿರ್ಣಾಯಕವಾಯಿತು.

ಕಂಪನಿಗಳ ಮೇಲೆ ನಿಗಾ ಇಡಲು ನಿಯಂತ್ರಣ ಕಚೇರಿಯೊಂದನ್ನು ರಚಿಸಲಾಯಿತು. ಆದರೆ ಈ ಕಚೇರಿಯು ಸಂಸತ್ತು ಅಂಗೀಕರಿಸಿದ ಪ್ರತ್ಯೇಕ ಕಾನೂನಿನಿಂದ ಹುಟ್ಟದೆ ಒಪ್ಪಂದದ ಮೂಲಕವೇ ಹುಟ್ಟಿತ್ತು. ಅದರ ವೆಚ್ಚವೂ ಕಂಪನಿಗಳು ಕೊಡುವ ಶುಲ್ಕದಿಂದಲೇ ಬರುತ್ತಿತ್ತು. ಅದರ ತೀರ್ಮಾನವನ್ನು ಒಪ್ಪದಿದ್ದರೆ ಕಂಪನಿಗಳು ಮಧ್ಯಸ್ಥಿಕೆ ಮಂಡಳಿಯ ಮೊರೆ ಹೋಗಬಹುದಾಗಿತ್ತು.

ಹರಾಜು

ಅತಿ ಕಡಿಮೆ ನೀರಿನ ದರ ಕೇಳುವವರಿಗೆ ಗುತ್ತಿಗೆ ಎಂಬುದು ಹರಾಜಿನ ನಿಯಮವಾಗಿತ್ತು. ಹರಾಜಿಗೆ ಮುಂಚೆ, ೧೯೯೬ರ ಆಗಸ್ಟ್‌ನಲ್ಲಿ, ಸರ್ಕಾರವು ಸರಾಸರಿ ದರವನ್ನು ಒಂದು ಘನ ಮೀಟರಿಗೆ, ಅಂದರೆ ೧,೦೦೦ ಲೀಟರಿಗೆ, ೮.೭೮ ಪೆಸೊಗಳಿಗೆ ಏರಿಸಿತ್ತು. ಇದರಿಂದಾಗಿ ಖಾಸಗಿಯವರು ಬಂದ ಕೂಡಲೇ ದರ ಇಳಿಯಿತೆಂಬ ಭಾವನೆ ಮೂಡಿತೆಂದು ಟೀಕಾಕಾರರು ಹೇಳುತ್ತಾರೆ.

ಫಿಲಿಪೀನ್ಸಿನ ನಾಲ್ಕು ಉದ್ಯಮ ಸಮೂಹಗಳು ವಿದೇಶಿ ಪಾಲುದಾರರೊಡನೆ ಹರಾಜಿನಲ್ಲಿ ಭಾಗವಹಿಸಿದವು. ೧೯೯೭ರ ಜನವರಿಯಲ್ಲಿ ಲಕೋಟೆಗಳನ್ನು ತೆರೆದಾಗ ಎಲ್ಲರಿಗೂ ಆಶ್ಚರ್ಯವಾಯಿತು. ಅಯಾಲಾ ಸಮೂಹವು ಪೂರ್ವ ವಲಯಕ್ಕೆ ಆಗಿನ ದರದ ಶೇಕಡಾ ೨೬.೩೯ರಷ್ಟನ್ನು, ಅಂದರೆ ೨.೩೨ ಪೆಸೊಗಳನ್ನು ಮಾತ್ರ ಕೇಳಿತ್ತು. ಪಶ್ಚಿಮ ವಲಯಕ್ಕೂ ಅದರ ದರವೇ ಎಲ್ಲರಿಗಿಂತ ಕಡಿಮೆಯಾಗಿತ್ತು. ಆದರೆ ಒಬ್ಬರಿಗೇ ಎರಡು ವಲಯಗಳನ್ನು ಕೊಡಬಾರದೆಂಬ ನಿಯಮವಿದ್ದುದರಿಂದ ಪಶ್ಚಿಮ ವಲಯವು ಶೇಕಡಾ ೫೬.೫೯ರಷ್ಟು, ಅಂದರೆ ೪.೯೭ ಪೆಸೊ ಕೇಳಿದ್ದ ಬೆನ್‌ಪ್ರೆಸ್ ಸಮೂಹಕ್ಕೆ ದೊರೆಯಿತು. ಮನಿಲಾ ವಾಟರ್‌ನಲ್ಲಿ ಅಯಾಲಾದೊಡನೆ ಬ್ರಿಟನ್ನಿನ ಯುನೈಟೆಡ್ ಯುಟಿಲಿಟೀಸ್ ಮತ್ತು ಅಮೆರಿಕದ ಬೆಕ್ಟೆಲ್ ಪಾಲುದಾರರಾಗಿದ್ದವು. ಮೈನಿಲಾಡ್‌ನಲ್ಲಿ ಲೋಪೆಜ್ ಕುಟುಂಬದ ಬೆನ್‌ಪ್ರೆಸ್‌ನೊಡನೆ ಫ್ರಾನ್ಸಿನ ಲಿಯೋನೇಸ್ ದೆಜ಼ೋ ಕಂಪನಿ ಸೇರಿತ್ತು. ೧೯೯೭ರ ಫೆಬ್ರವರಿ ೨೧ರಂದು ಒಪ್ಪಂದಗಳಿಗೆ ಸಹಿ ಬಿದ್ದಿತು.

ಪೂರ್ವ ವಲಯದಲ್ಲಿ ಮಕಾಟಿ, ಪಾಸಿಗ್, ಮಂಡಲುಯಾಂಗ್, ಮರಿಕಿನಾ, ತಗುಯಿಗ್ ಮತ್ತು ಕ್ವೆಜಾನ್ ನಗರದ ಒಂದು ಭಾಗ ಹಾಗೂ ರಿಜಾಲ್ ಪ್ರಾಂತದ ಪಟ್ಟಣಗಳು ಸೇರಿವೆ. ಪಶ್ಚಿಮ ವಲಯದಲ್ಲಿ ಮನಿಲಾ ನಗರದ ಬಹುಭಾಗ, ಕಲೂಕಾನ್, ಪಾಸಾಯ್, ಮಲಬಾನ್, ನವೋಟಾಸ್ ಮುಂತಾದ ನಗರಗಳು ಹಾಗೂ ಕವಿಟೆ ಪ್ರಾಂತದ ಕೆಲವು ಭಾಗಗಳು ಇವೆ.

ಏಷ್ಯಾದ ಆರ್ಥಿಕ ಬಿಕ್ಕಟ್ಟು ಮತ್ತು ಬರ

ಕಂಪನಿಗಳು ಕೆಲಸ ಆರಂಭಿಸುವ ಕೆಲವೇ ವಾರಗಳ ಮುಂಚೆ, ೧೯೯೭ರ ಜುಲೈನಲ್ಲಿ, ಥಾಯ್ಲೆಂಡಿನಲ್ಲಿ ಆರಂಭವಾದ ಆರ್ಥಿಕ ಬಿಕ್ಕಟ್ಟು ಫಿಲಿಪೀನ್ಸನ್ನೂ ಮುಟ್ಟಿತು. ಡಾಲರಿಗೆ ಸುಮಾರು ೨೬ ಇದ್ದ ಪೆಸೊ ಮೌಲ್ಯವು ೧೯೯೮ರ ಆರಂಭಕ್ಕೆ ೪೦ನ್ನು ದಾಟಿತು, ೨೦೦೧ರ ವೇಳೆಗೆ ೫೦ನ್ನೂ ಮೀರಿತು. ಡಾಲರಿನಲ್ಲಿ ತೀರಿಸಬೇಕಾದ ಸಾಲವು ಪೆಸೊ ಲೆಕ್ಕದಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಗ್ರಾಹಕರಿಂದ ಬರುವ ಹಣವಾದರೋ ಪೆಸೊಗಳಲ್ಲಿಯೇ ಇತ್ತು. ಇದೇ ಸಮಯದಲ್ಲಿ ಎಲ್ ನಿನೊ ಪರಿಣಾಮದಿಂದ ೧೯೯೭-೯೮ರಲ್ಲಿ ತೀವ್ರ ಬರ ಉಂಟಾಗಿ ಅಂಗಟ್‌ನಿಂದ ಬರುವ ನೀರಿನ ಪ್ರಮಾಣವೂ ಕುಸಿಯಿತು.

ಸಾಲದ ಹತ್ತನೇ ಒಂದು ಭಾಗವನ್ನಷ್ಟೇ ಹೊತ್ತಿದ್ದ ಮನಿಲಾ ವಾಟರ್ ಈ ಹೊಡೆತವನ್ನು ತಾಳಿಕೊಂಡಿತು. ಹತ್ತರಲ್ಲಿ ಒಂಬತ್ತು ಭಾಗವನ್ನು ಹೊತ್ತಿದ್ದ ಮೈನಿಲಾಡ್ ತಾಳಲಾರದಾಯಿತು. ೨೦೦೧ರ ಮಾರ್ಚ್‌ನಲ್ಲಿ ಅದು ಕನ್ಸೆಷನ್ ಶುಲ್ಕ ಕೊಡುವುದನ್ನು ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಒಪ್ಪಂದವನ್ನು ತಿದ್ದುಪಡಿ ಮಾಡಿ, ವಿದೇಶಿ ವಿನಿಮಯದಿಂದಾದ ನಷ್ಟವನ್ನು ಗ್ರಾಹಕರ ಬಿಲ್ಲಿನ ಮೂಲಕ ಬೇಗನೆ ವಸೂಲು ಮಾಡಲು ಅವಕಾಶ ನೀಡಲಾಯಿತು. ನಷ್ಟದ ಅಪಾಯವನ್ನು ಖಾಸಗಿಯವರೇ ಹೊರುತ್ತಾರೆಂಬುದು ಖಾಸಗೀಕರಣದ ಪರವಾದ ಒಂದು ಮುಖ್ಯ ವಾದ. ಈ ತಿದ್ದುಪಡಿಯಿಂದ ಆ ಅಪಾಯವು ನಲ್ಲಿ ನೀರು ಬಳಸುವವರ ಹೆಗಲಿಗೆ ಜಾರಿತೆಂಬುದು ನಾಗರಿಕ ಸಂಘಟನೆಗಳ ಆಕ್ಷೇಪವಾಗಿತ್ತು.

ಮೈನಿಲಾಡ್‌ನ ಕುಸಿತ ಮತ್ತು ಮರುಹರಾಜು

೨೦೦೨ರ ಡಿಸೆಂಬರ್‌ನಲ್ಲಿ ಮೈನಿಲಾಡ್ ಒಪ್ಪಂದವನ್ನು ಅವಧಿಗೆ ಮುನ್ನವೇ ಕೊನೆಗೊಳಿಸುವುದಾಗಿ ನೋಟಿಸು ನೀಡಿತು. ವಿವಾದವು ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ಮಧ್ಯಸ್ಥಿಕೆಗೆ ಹೋಯಿತು. ೨೦೦೩ರ ನವೆಂಬರ್‌ನಲ್ಲಿ ಹೊರಬಂದ ತೀರ್ಪು ಒಪ್ಪಂದವನ್ನು ರದ್ದುಗೊಳಿಸಲು ಆಧಾರವಿಲ್ಲವೆಂದೂ ಬಾಕಿ ಶುಲ್ಕವನ್ನು ಕಂಪನಿ ಕೊಡಬೇಕೆಂದೂ ಹೇಳಿತು. ಕೂಡಲೇ ಮೈನಿಲಾಡ್ ನ್ಯಾಯಾಲಯದ ಮುಂದೆ ಪುನಶ್ಚೇತನ ಅರ್ಜಿ ಸಲ್ಲಿಸಿ ಸಾಲಗಾರರಿಂದ ರಕ್ಷಣೆ ಕೋರಿತು. ಅದೇ ವರ್ಷ ಪಶ್ಚಿಮ ವಲಯಕ್ಕೆ ಸೇರಿದ, ಬಡವರೇ ಹೆಚ್ಚಾಗಿರುವ ಟೊಂಡೊ ಪ್ರದೇಶದಲ್ಲಿ ಕಾಲರಾ ಕಾಣಿಸಿಕೊಂಡದ್ದು ಹಳೆಯ ಕೊಳವೆಗಳ ಸ್ಥಿತಿಯತ್ತ ಜನರ ಗಮನ ಸೆಳೆಯಿತು.

೨೦೦೫ರ ಪುನರ್‌ವ್ಯವಸ್ಥೆಯ ಒಪ್ಪಂದದ ಪ್ರಕಾರ ಮೈನಿಲಾಡ್‌ನ ಸುಮಾರು ಶೇಕಡಾ ೮೪ರಷ್ಟು ಷೇರುಗಳು ಸರ್ಕಾರಿ ಸಂಸ್ಥೆಯಾದ ಎಂ.ಡಬ್ಲ್ಯು.ಎಸ್.ಎಸ್.ನ ಕೈಗೆ ಬಂದವು. ಹೀಗೆ ಖಾಸಗಿಗೆ ಕೊಟ್ಟದ್ದು ಮರಳಿ ಸರ್ಕಾರದ ಬಳಿಗೇ ಬಂದಿತು. ಆದರೆ ಸರ್ಕಾರವು ಅದನ್ನು ತಾನೇ ಇಟ್ಟುಕೊಳ್ಳಲಿಲ್ಲ. ೨೦೦೬ರ ಕೊನೆಯಲ್ಲಿ ಮರುಹರಾಜು ನಡೆದು, ಡಿ.ಎಂ.ಸಿ.ಐ. ಮತ್ತು ಮೆಟ್ರೊ ಪೆಸಿಫಿಕ್ ಸಮೂಹಗಳು ಸುಮಾರು ೫೦ ಕೋಟಿ ಡಾಲರ್ ಮೌಲ್ಯದ ಬಿಡ್‌ನೊಂದಿಗೆ ಕಂಪನಿಯನ್ನು ಪಡೆದುಕೊಂಡವು. ೨೦೦೭ರ ನಂತರ ಹೊಸ ಆಡಳಿತವು ಕೊಳವೆಗಳ ದುರಸ್ತಿಗೆ ಹೆಚ್ಚಿನ ಬಂಡವಾಳ ಹೂಡಿತು. ಆಗ ಮೂರನೇ ಎರಡು ಭಾಗದಷ್ಟಿದ್ದ ಆದಾಯರಹಿತ ನೀರಿನ ಪ್ರಮಾಣವು ಮುಂದಿನ ದಶಕದ ಮಧ್ಯಭಾಗದೊಳಗೆ ಅದರ ಸುಮಾರು ಅರ್ಧಕ್ಕೆ ಇಳಿಯಿತು.

ಪೂರ್ವ ವಲಯದ ಸಾಧನೆ

ಮನಿಲಾ ವಾಟರ್ ತನ್ನ ವಲಯವನ್ನು ಸಣ್ಣ ಸಣ್ಣ ಪ್ರದೇಶಗಳನ್ನಾಗಿ ವಿಂಗಡಿಸಿ, ಪ್ರತಿಯೊಂದರ ಸೋರಿಕೆ ಮತ್ತು ವಸೂಲಿಯ ಹೊಣೆಯನ್ನು ಸ್ಥಳೀಯ ಸಿಬ್ಬಂದಿ ತಂಡಕ್ಕೆ ವಹಿಸಿತು. ಸರ್ಕಾರಿ ಸಂಸ್ಥೆಯಿಂದ ಬಂದ ನೌಕರರಿಗೇ ತರಬೇತಿ ನೀಡಿ ಈ ಕೆಲಸದಲ್ಲಿ ತೊಡಗಿಸಿತು. ೧೯೯೭ರಲ್ಲಿ ಶೇಕಡಾ ೬೩ರಷ್ಟಿದ್ದ ಆದಾಯರಹಿತ ನೀರು ೨೦೧೦ರ ದಶಕದ ಆರಂಭಕ್ಕೆ ಶೇಕಡಾ ೧೧ರ ಆಸುಪಾಸಿಗೆ ಇಳಿಯಿತು. ಬಹುತೇಕ ಗ್ರಾಹಕರಿಗೆ ೨೪ ಗಂಟೆಯೂ ನೀರು ದೊರೆಯತೊಡಗಿತು. ೨೦೦೫ರಲ್ಲಿ ಕಂಪನಿಯ ಷೇರುಗಳು ಷೇರುಪೇಟೆಯನ್ನು ಪ್ರವೇಶಿಸಿದವು.

ಬಡ ಬಡಾವಣೆಗಳಿಗಾಗಿ ಕಂಪನಿಯು 'ತುಬಿಗ್ ಪರಾ ಸ ಬರಾಂಗೈ' ಎಂಬ ಯೋಜನೆಯನ್ನು ಜಾರಿಗೆ ತಂದಿತು. ತಗಲಾಗ್ ಭಾಷೆಯಲ್ಲಿ ಇದಕ್ಕೆ 'ಬಡಾವಣೆಗೆ ನೀರು' ಎಂದರ್ಥ. ಅದುವರೆಗೆ ನೀರಿನ ಸಂಪರ್ಕಕ್ಕೆ ಭೂಮಿಯ ಹಕ್ಕುಪತ್ರ ಕಡ್ಡಾಯವಾಗಿದ್ದು, ಕೊಳೆಗೇರಿಯ ನಿವಾಸಿಗಳಿಗೆ ಅದು ಅಸಾಧ್ಯವಾಗಿತ್ತು. ಈ ನಿಬಂಧನೆಯನ್ನು ಸಡಿಲಿಸಿ, ಸಂಪರ್ಕ ಶುಲ್ಕವನ್ನು ಕಂತುಗಳಲ್ಲಿ ಕಟ್ಟಲು ಅವಕಾಶ ನೀಡಲಾಯಿತು. ಮೈನಿಲಾಡ್ ಸಹ 'ಬಯಾನ್ ತುಬಿಗ್' ಎಂಬ ಇಂಥದೇ ಯೋಜನೆಯನ್ನು ನಡೆಸಿತು. ನೀರು ಮಾರುವವರನ್ನು ಅವಲಂಬಿಸಿದ್ದ ಅನೇಕ ಕುಟುಂಬಗಳ ವೆಚ್ಚ ಇದರಿಂದ ಕಡಿಮೆಯಾಯಿತು. ಆದರೆ ಕೆಲವು ಕಡೆ ಬಡಾವಣೆಯ ಹೊರಗೆ ಒಂದೇ ದೊಡ್ಡ ಮಾಪಕವನ್ನಿಟ್ಟು, ಒಳಗಿನ ಹಂಚಿಕೆ, ಸೋರಿಕೆ ಮತ್ತು ವಸೂಲಿಯ ಹೊಣೆಯನ್ನು ನಿವಾಸಿಗಳಿಗೇ ಬಿಡಲಾಯಿತು. ಅಂಥ ಕಡೆಗಳಲ್ಲಿ ಸ್ವಂತ ಮಾಪಕವುಳ್ಳ ಅನುಕೂಲಸ್ಥರಿಗಿಂತ ಬಡವರೇ ಪ್ರತಿ ಲೀಟರಿಗೆ ಹೆಚ್ಚು ಹಣ ತೆರಬೇಕಾಗಿ ಬಂದುದುಂಟು.

ದರಗಳು ಮತ್ತು ಕಾನೂನು ವಿವಾದಗಳು

ಹರಾಜಿನಲ್ಲಿ ಕೇಳಿದ್ದ ಕಡಿಮೆ ದರಗಳು ಹೆಚ್ಚು ಕಾಲ ಉಳಿಯಲಿಲ್ಲ. ಹಣದುಬ್ಬರಕ್ಕೆ ತಕ್ಕಂತೆ ಪ್ರತಿ ವರ್ಷ, ಹೂಡಿಕೆ ಮತ್ತು ಲಾಭದ ಲೆಕ್ಕ ಹಿಡಿದು ಐದು ವರ್ಷಕ್ಕೊಮ್ಮೆ ದರವನ್ನು ಪರಿಷ್ಕರಿಸಲು ಒಪ್ಪಂದದಲ್ಲಿಯೇ ಅವಕಾಶವಿತ್ತು. ೨೦೦೫ರ ವೇಳೆಗಾಗಲೇ ಎರಡೂ ವಲಯಗಳ ದರಗಳು ಖಾಸಗೀಕರಣಕ್ಕೆ ಹಿಂದಿನ ೮.೭೮ ಪೆಸೊಗಳನ್ನು ಮೀರಿದ್ದವು. ಮೊದಲು ಕಡಿಮೆ ದರ ಕೇಳಿ ಗುತ್ತಿಗೆ ಹಿಡಿದು, ನಂತರ ಪರಿಷ್ಕರಣೆಯ ಮೂಲಕ ಏರಿಸಿಕೊಳ್ಳುವ ಈ ಪ್ರವೃತ್ತಿಯನ್ನು ತಜ್ಞರು ಇಂಥ ಹರಾಜುಗಳ ಮುಖ್ಯ ದೋಷವೆಂದು ಗುರುತಿಸಿದ್ದಾರೆ.

೨೦೧೩ರ ಪರಿಷ್ಕರಣೆಯ ವೇಳೆ ಕಂಪನಿಗಳು ತಮ್ಮ ಆದಾಯ ತೆರಿಗೆಯನ್ನೂ ವೆಚ್ಚವೆಂದು ತೋರಿಸಿ ಗ್ರಾಹಕರಿಂದ ವಸೂಲು ಮಾಡುತ್ತಿವೆ ಎಂಬ ವಿಷಯ ವಿವಾದವಾಯಿತು. ನಿಯಂತ್ರಣ ಕಚೇರಿಯು ಇದನ್ನು ಒಪ್ಪದೆ ಮೂಲದರವನ್ನು ಇಳಿಸಬೇಕೆಂದು ಆದೇಶಿಸಿತು. ಕಂಪನಿಗಳು ಮಧ್ಯಸ್ಥಿಕೆಗೆ ಹೋದವು. ಮಧ್ಯಸ್ಥಿಕೆಯ ತೀರ್ಪುಗಳ ಪ್ರಕಾರ ಸರ್ಕಾರವು ೨೦೧೭ರಲ್ಲಿ ಮೈನಿಲಾಡ್‌ಗೆ ಸುಮಾರು ೩೪೦ ಕೋಟಿ ಪೆಸೊಗಳನ್ನೂ ೨೦೧೯ರಲ್ಲಿ ಮನಿಲಾ ವಾಟರ್‌ಗೆ ೭೩೯ ಕೋಟಿ ಪೆಸೊಗಳನ್ನೂ ಪರಿಹಾರವಾಗಿ ಕೊಡಬೇಕಾಯಿತು. ೨೦೧೯ರ ಡಿಸೆಂಬರ್‌ನಲ್ಲಿ ಅಂದಿನ ಅಧ್ಯಕ್ಷ ರೊಡ್ರಿಗೊ ಡುಟೆರ್ಟೆ ಇದನ್ನು ಕಟುವಾಗಿ ಖಂಡಿಸಿ, ಕಂಪನಿಗಳ ಮೇಲೆ ಮೊಕದ್ದಮೆ ಹೂಡುವುದಾಗಿ ಎಚ್ಚರಿಸಿದರು. ಕಂಪನಿಗಳು ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟವು.

ಇದಕ್ಕೆ ಮುನ್ನ, ೨೦೧೯ರ ಆಗಸ್ಟ್‌ನಲ್ಲಿ, ದೇಶದ ಸುಪ್ರೀಂ ಕೋರ್ಟ್ ೨೦೦೪ರ ಶುದ್ಧ ನೀರಿನ ಕಾಯಿದೆಯಂತೆ ಐದು ವರ್ಷಗಳೊಳಗೆ ಒಳಚರಂಡಿ ಸಂಪರ್ಕಗಳನ್ನು ಕಲ್ಪಿಸದ ಕಾರಣಕ್ಕಾಗಿ ಎಂ.ಡಬ್ಲ್ಯು.ಎಸ್.ಎಸ್. ಮತ್ತು ಎರಡೂ ಕಂಪನಿಗಳನ್ನು ಹೊಣೆಯಾಗಿಸಿ, ಪ್ರತಿ ವಲಯಕ್ಕೆ ಸುಮಾರು ೯೨ ಕೋಟಿ ಪೆಸೊಗಳ ದಂಡ ವಿಧಿಸಿತ್ತು. ಕುಡಿಯುವ ನೀರಿನ ವಿಸ್ತರಣೆಯಲ್ಲಿ ಕಂಡ ವೇಗವು ಒಳಚರಂಡಿಯಲ್ಲಿ ಕಂಡುಬರಲಿಲ್ಲವೆಂಬುದನ್ನು ಈ ತೀರ್ಪು ಎತ್ತಿ ತೋರಿಸಿತು.

೨೦೧೯ರ ನೀರಿನ ಅಭಾವ

೨೦೧೯ರ ಮಾರ್ಚ್‌ನಲ್ಲಿ ಪೂರ್ವ ವಲಯದ ಅನೇಕ ಬಡಾವಣೆಗಳಲ್ಲಿ ಇದ್ದಕ್ಕಿದ್ದಂತೆ ನಲ್ಲಿಗಳು ಬತ್ತಿದವು. ಆಸ್ಪತ್ರೆಗಳೂ ತೊಂದರೆಗೊಳಗಾದವು. ಟ್ಯಾಂಕರುಗಳ ಮುಂದೆ ಜನರು ಕೊಡ ಬಕೆಟ್ಟುಗಳನ್ನು ಹಿಡಿದು ಗಂಟೆಗಟ್ಟಲೆ ಸಾಲು ನಿಂತರು. ಆ ಸಮಯದಲ್ಲಿ ಅಂಗಟ್ ಅಣೆಕಟ್ಟಿನಲ್ಲಿ ನೀರಿತ್ತು, ಪಶ್ಚಿಮ ವಲಯದ ನಲ್ಲಿಗಳಲ್ಲಿಯೂ ನೀರು ಬರುತ್ತಿತ್ತು. ಅಂಗಟ್‌ನಿಂದ ನಗರಕ್ಕೆ ದೊರೆಯುವ ಸುಮಾರು ೪೦೦ ಕೋಟಿ ಲೀಟರ್ ದೈನಂದಿನ ನೀರಿನಲ್ಲಿ ಮನಿಲಾ ವಾಟರ್‌ನ ಪಾಲು ಸುಮಾರು ೧೬೦ ಕೋಟಿ ಲೀಟರ್. ಬೇಡಿಕೆಯು ಈ ಪಾಲನ್ನು ಮೀರಿದ್ದರಿಂದ ಕಂಪನಿಯು ಲಾ ಮೆಸಾ ಜಲಾಶಯದ ಮೀಸಲು ನೀರನ್ನು ಬಳಸತೊಡಗಿತ್ತು. ಆ ಜಲಾಶಯವು ತೀರಾ ಕೆಳಮಟ್ಟಕ್ಕೆ ಇಳಿದಾಗ ಬಿಕ್ಕಟ್ಟು ತಲೆದೋರಿತು. ಒಪ್ಪಂದದಂತೆ ೨೪ ಗಂಟೆ ನೀರು ಕೊಡಲು ವಿಫಲವಾದುದಕ್ಕೆ ನಿಯಂತ್ರಣ ಕಚೇರಿಯು ಕಂಪನಿಯ ಮೇಲೆ ಹೊಸ ಜಲಮೂಲ ನಿರ್ಮಾಣದ ಹಣವೂ ಸೇರಿದಂತೆ ಸುಮಾರು ೧೧೩ ಕೋಟಿ ಪೆಸೊಗಳ ಹೊಣೆಯನ್ನು ಹೊರಿಸಿತು.

ಹೊಸ ಜಲಮೂಲಗಳನ್ನು ಒದಗಿಸುವುದು ಯಾರ ಕೆಲಸ ಎಂಬ ಪ್ರಶ್ನೆಯನ್ನು ಈ ಘಟನೆ ಮುಂದಕ್ಕೆ ತಂದಿತು. ಸೋರಿಕೆಯನ್ನು ತಡೆದು ಉಳಿಸಿದ ನೀರಿನಿಂದಲೇ ನಗರವು ಎರಡು ದಶಕಗಳ ಬೆಳವಣಿಗೆಯನ್ನು ನಿಭಾಯಿಸಿತ್ತು. ಆ ಉಳಿತಾಯ ಪೂರ್ವ ವಲಯದಲ್ಲಿ ಬಹುತೇಕ ಮುಗಿದಿತ್ತು. ಪ್ರತಿದಿನ ೬೦ ಕೋಟಿ ಲೀಟರ್ ನೀರು ಒದಗಿಸುವ ಉದ್ದೇಶದ, ಚೀನಾದ ಸಾಲದ ನೆರವಿನ ಕಲಿವಾ ಅಣೆಕಟ್ಟು ಯೋಜನೆಗೆ ಅಲ್ಲಿನ ಬುಡಕಟ್ಟು ಜನರಾದ ದುಮಗಟ್-ರೆಮೊಂಟಾಡೊ ಸಮುದಾಯದವರು ತಮ್ಮ ಪೂರ್ವಿಕರ ಭೂಮಿ ಮುಳುಗುತ್ತದೆಂದು ವಿರೋಧ ವ್ಯಕ್ತಪಡಿಸಿದ್ದಾರೆ.

ಪರಿಷ್ಕೃತ ಒಪ್ಪಂದ

೨೦೨೨ಕ್ಕೆ ಮುಗಿಯಬೇಕಾಗಿದ್ದ ಒಪ್ಪಂದಗಳನ್ನು ೨೦೦೯-೧೦ರಲ್ಲಿಯೇ ೨೦೩೭ರವರೆಗೆ ವಿಸ್ತರಿಸಲಾಗಿತ್ತು. ೨೦೧೯ರ ವಿವಾದದ ನಂತರ ಅವುಗಳನ್ನು ಪುನಃ ಬರೆಯಲಾಯಿತು. ಮನಿಲಾ ವಾಟರ್ ೨೦೨೧ರ ಮಾರ್ಚ್‌ನಲ್ಲಿ, ಮೈನಿಲಾಡ್ ಮೇ ತಿಂಗಳಲ್ಲಿ ಪರಿಷ್ಕೃತ ಒಪ್ಪಂದಕ್ಕೆ ಸಹಿ ಹಾಕಿದವು. ಇದರಂತೆ ಕಂಪನಿಗಳ ಆದಾಯ ತೆರಿಗೆಯನ್ನು ಗ್ರಾಹಕರ ಮೇಲೆ ಹೊರಿಸುವಂತಿಲ್ಲ. ವಿದೇಶಿ ವಿನಿಮಯದ ನಷ್ಟವನ್ನು ಬಿಲ್ಲಿಗೆ ಸೇರಿಸುವ ಹಳೆಯ ಕ್ರಮವನ್ನೂ ಕೈಬಿಡಲಾಯಿತು. ಹಣದುಬ್ಬರದ ಆಧಾರದ ವಾರ್ಷಿಕ ಏರಿಕೆಯನ್ನು ಹಣದುಬ್ಬರದ ಮೂರನೇ ಎರಡು ಭಾಗಕ್ಕೆ ಮಿತಿಗೊಳಿಸಲಾಯಿತು. ೨೦೨೧ರ ಡಿಸೆಂಬರ್‌ನಲ್ಲಿ ಎರಡೂ ಕಂಪನಿಗಳಿಗೆ ೨೫ ವರ್ಷಗಳ ಪರವಾನಗಿ ನೀಡುವ ಕಾನೂನುಗಳು ಅಂಗೀಕಾರಗೊಂಡವು. ಇದರಿಂದ ಮೊದಲ ಬಾರಿಗೆ ಈ ಸೇವೆಗೆ ಸಂಸತ್ತಿನ ಶಾಸನದ ಆಧಾರ ದೊರೆಯಿತು.

ಇತರ ನಗರಗಳೊಡನೆ ಹೋಲಿಕೆ

೧೯೯೦ರ ದಶಕದಲ್ಲಿ ಅನೇಕ ದೊಡ್ಡ ನಗರಗಳು ಇದೇ ಹಾದಿಯನ್ನು ಹಿಡಿದವು. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ೧೯೯೩ರಲ್ಲಿ ಆರಂಭವಾದ ಖಾಸಗಿ ನಿರ್ವಹಣೆಯನ್ನು ೨೦೦೬ರಲ್ಲಿ ಸರ್ಕಾರವು ರದ್ದುಪಡಿಸಿತು. ಬೊಲಿವಿಯಾದ ಕೋಚಬಾಂಬಾದಲ್ಲಿ ದರ ಏರಿಕೆಯ ವಿರುದ್ಧ ಜನರು ಬೀದಿಗಿಳಿದುದರಿಂದ ೨೦೦೦ದಲ್ಲಿ ಗುತ್ತಿಗೆ ಮುರಿದುಬಿದ್ದಿತು. ಮನಿಲಾದಂತೆಯೇ ಎರಡು ಕಂಪನಿಗಳಿಗೆ ಹಂಚಿಕೆಯಾಗಿದ್ದ ಇಂಡೊನೇಷ್ಯಾದ ಜಕಾರ್ತಾದಲ್ಲಿ ೧೯೯೮ರಲ್ಲಿ ಆರಂಭವಾದ ಒಪ್ಪಂದಗಳು ೨೦೨೩ರ ಆರಂಭದಲ್ಲಿ ಕೊನೆಗೊಂಡು ಸೇವೆಯು ಸರ್ಕಾರಿ ಸಂಸ್ಥೆಗೆ ಮರಳಿತು. ಪ್ಯಾರಿಸ್ ನಗರವು ೨೦೧೦ರ ಜನವರಿಯಿಂದ ನೀರು ಸರಬರಾಜನ್ನು ನಗರಾಡಳಿತದ ಸಂಸ್ಥೆಗೇ ವಹಿಸಿಕೊಂಡಿತು. ಇವುಗಳ ನಡುವೆ ಮನಿಲಾದಲ್ಲಿ ಮಾತ್ರ, ಒಂದು ಕಂಪನಿ ಕುಸಿದು ಸರ್ಕಾರದ ಕೈಸೇರಿದ ಮೇಲೆಯೂ, ಖಾಸಗಿ ನಿರ್ವಹಣೆ ಮುಂದುವರಿದಿದೆ.

ಮೌಲ್ಯಮಾಪನ

ನಲ್ಲಿ ಸಂಪರ್ಕಗಳ ವಿಸ್ತರಣೆ, ದಿನವಿಡೀ ನೀರು ಮತ್ತು ಸೋರಿಕೆಯ ಇಳಿಕೆಯನ್ನು ಬೆಂಬಲಿಗರು ಖಾಸಗೀಕರಣದ ಫಲಗಳೆಂದು ಎಣಿಸುತ್ತಾರೆ. ದರಗಳ ಏರಿಕೆ, ನೌಕರರ ಸಂಖ್ಯೆಯಲ್ಲಾದ ಕಡಿತ, ಒಳಚರಂಡಿಯ ಕಡೆಗಣನೆ ಹಾಗೂ ದುರ್ಬಲ ನಿಯಂತ್ರಣವನ್ನು ವಿರೋಧಿಗಳು ಎತ್ತಿ ಹೇಳುತ್ತಾರೆ. ಎರಡು ವಲಯಗಳ ಭಿನ್ನ ಫಲಿತಾಂಶಗಳು ಒಂದು ಅಂಶವನ್ನು ಸ್ಪಷ್ಟಪಡಿಸುತ್ತವೆ. ಪೂರ್ವ ಮತ್ತು ಪಶ್ಚಿಮ ವಲಯಗಳೆರಡೂ ಖಾಸಗಿ ಕೈಯಲ್ಲಿಯೇ ಇದ್ದವು. ಅವುಗಳ ಹಣೆಬರಹವನ್ನು ಬೇರ್ಪಡಿಸಿದ್ದು ಸಾಲದ ಹಂಚಿಕೆ, ಕೊಳವೆಗಳ ಸ್ಥಿತಿ ಮತ್ತು ಆಡಳಿತದ ಕ್ರಮ. ಆದ್ದರಿಂದ ನೀರಿನ ಸೇವೆಯನ್ನು ಪರಿಶೀಲಿಸುವಾಗ ಒಡೆತನದ ಜೊತೆಗೆ ನಷ್ಟದ ಹೊರೆಯನ್ನು ಯಾರು ಹೊರುತ್ತಾರೆ, ದರವನ್ನು ಯಾರು ನಿಗದಿಪಡಿಸುತ್ತಾರೆ, ಲೆಕ್ಕವನ್ನು ಯಾರು ಕೇಳಬಲ್ಲರು ಎಂಬ ಪ್ರಶ್ನೆಗಳಿಗೂ ಉತ್ತರ ಹುಡುಕಬೇಕಾಗುತ್ತದೆ.